ಮನೇಲಿ ಇಲಿ, ಜಿರಳೆ, ತಿಗಣೆ, ಸೊಳ್ಳೆ: ಲಕ್ಷಣ ನೋಡಿ ಕಾಟ ಯಾವ್ದು ಅಂತ ಹಿಡಿಯೋದು, ಕಾಯಿಲೆ ಬರದ ಹಾಗೆ ತಡೆಯೋದು

ಮನೇಲಿ ಏನೋ ಓಡಾಡ್ತಿದೆ ಅಂತ ಗೊತ್ತಾದ ತಕ್ಷಣ ನಾವೆಲ್ಲ ಮಾಡೋದು ಒಂದೇ ಕೆಲ್ಸ, ಅಂಗಡಿಗೆ ಹೋಗಿ ಒಂದು ಸ್ಪ್ರೇ ತಂದು ಮೂಲೆ ಮೂಲೆಗೂ ಹೊಡೆದು ಬಾಗಿಲು ಹಾಕ್ಕೊಂಡು ಆಚೆ ಕೂರೋದು. ಎರಡು ದಿನ ಸುಮ್ನಿರತ್ತೆ, ಮೂರನೇ ದಿನ ಮತ್ತೆ ಅದೇ ಕಥೆ. ಯಾಕಂದ್ರೆ ಬಂದಿರೋದು ಯಾವ್ದು, ಎಲ್ಲಿಂದ ಬರ್ತಿದೆ, ಏನು ಸಿಗತ್ತೆ ಅಂತ ಬರ್ತಿದೆ ಅನ್ನೋದನ್ನ ನೋಡೇ ಇರಲ್ಲ. ಜಿರಳೆಗೆ ಹೊಡೆಯೋದನ್ನ ತಿಗಣೆಗೆ ಹೊಡೆದ್ರೆ ತಿಗಣೆ ಪಕ್ಕದ ರೂಮಿಗೆ ಹೋಗತ್ತೆ ಅಷ್ಟೇ, ನಿಮ್ಮ ಶ್ವಾಸಕೋಶಕ್ಕೆ ಮಾತ್ರ ಔಷಧಿ ಪೂರ್ತಿ ಸೇರತ್ತೆ.

ಹಾಗಾಗಿ ಕೆಳಗಿನದನ್ನೆಲ್ಲ ಕಣ್ಣಿಗೆ ಬೀಳೋ ಲಕ್ಷಣದ ಮೇಲೆ ಬರ್ದಿದೀನಿ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ದುಡ್ಡು ಬೇಕಾಗೋದು ಆಮೇಲೆ. ಬೇಕಾಗೋ ಸಾಮಾನು ಒಂದು ಟಾರ್ಚು, ಒಂದು ಹಿಡಿ ಗೋಧಿ ಹಿಟ್ಟು, ಅಗಲವಾದ ಸೆಲ್ಲೋಟೇಪು, ರಬ್ಬರ್ ಗ್ಲೌಸು, ಎಕ್ಸ್‌ಪೈರಿ ಆಗಿರೋ ಒಂದು ಎಟಿಎಂ ಕಾರ್ಡು. ಕಾರ್ಡು ಯಾಕೆ ಅಂತ ತಿಗಣೆ ಹತ್ರ ಹೇಳ್ತೀನಿ.

ಲಕ್ಷಣ: ಬೆಳಿಗ್ಗೆ ಅಡುಗೆಮನೆ ಕಟ್ಟೆ ಮೇಲೆ, ಡಬ್ಬಿ ಹಿಂದೆ ಕಪ್ಪು ಹಿಕ್ಕೆ

ಗಾಬರಿಯಾಗಿ ತಕ್ಷಣ ಗುಡಿಸ್ಬೇಡಿ, ಮೊದಲು ನೋಡಿ. ಒಂದು ತುದೀಲಿ ಬಿಳಿ ಚುಕ್ಕೆ ಇದ್ರೆ ಅದು ಹಲ್ಲೀದು, ಒರೆಸಿ ಬಿಟ್ಬಿಡಿ. ಕಾಫಿ ಪುಡಿ ಚೆಲ್ಲಿದ ಹಾಗಿದ್ರೆ ಜಿರಳೇದು, ಮುಂದೆ ಬರತ್ತೆ. ಅಕ್ಕಿ ಕಾಳಿಗಿಂತ ಚಿಕ್ಕದು, 3ರಿಂದ 6 ಮಿಲಿಮೀಟರ್, ತುದಿ ಚೂಪಾಗಿದ್ರೆ ಸುಂಡಿಲಿ. ಒಂದು ಸೆಂಟಿಮೀಟರ್ ದಾಟಿದ್ರೆ ದೊಡ್ಡ ಇಲಿ. ಮನೆ ಸುತ್ತ ಚರಂಡಿ ಪಕ್ಕ ಹೊಸ ಮಣ್ಣು ಗುಡ್ಡೆ ಬಿದ್ದಿದ್ರೆ ಹೆಗ್ಗಣ. ಇನ್ನು ರಾತ್ರಿ ಚೀಂ ಚೀಂ ಅಂತ ಗೋಡೆ ಅಂಚಲ್ಲಿ ಓಡೋ ಉದ್ದ ಮೂತಿಯ, ಕೆಟ್ಟ ವಾಸನೆ ಬಿಡೋ ಮೂಗಿಲಿ ಇರತ್ತಲ್ಲ, ಅದು ಹುಳ ಜಿರಳೆ ತಿನ್ನೋ ಪ್ರಾಣಿ, ಅದಕ್ಕೆ ವಿಷ ಇಡೋ ಅಗತ್ಯ ಇಲ್ಲ, ಆಚೆ ಓಡಿಸಿ ಸಂದು ಮುಚ್ಚಿದ್ರೆ ಆಯ್ತು.

ಹಿಕ್ಕೆ ಹೊಳೀತಾ ಮೆತ್ತಗಿದ್ರೆ ನಿನ್ನೆ ರಾತ್ರೀದು. ಬೂದು ಬಣ್ಣ, ಮುಟ್ಟಿದ್ರೆ ಪುಡಿಯಾಗತ್ತೆ ಅಂದ್ರೆ ಹಳೇದು, ಅಂದ್ರೆ ಇಲಿ ಈಗ ಇಲ್ದೇನೂ ಇರಬಹುದು. (ಪರೀಕ್ಷೆ ಮಾಡೋಕೆ ಕಡ್ಡೀಲಿ ಮುಟ್ಟಿ ಸ್ವಾಮಿ, ಕೈಯಲ್ಲಲ್ಲ.) ಗೊತ್ತಾಗ್ದೇ ಇದ್ರೆ ಜಾಗ ಕ್ಲೀನ್ ಮಾಡಿ ರಾತ್ರಿ ಗೋಡೆ ಅಂಚಿಗೆ ಗೋಧಿ ಹಿಟ್ಟು ತೆಳ್ಳಗೆ ಉದುರ್ಸಿ ಮಲ್ಕೊಳ್ಳಿ. ಇಲಿ ನಡುಮನೇಲಿ ಓಡಾಡಲ್ಲ, ಗೋಡೆಗೆ ಮೈ ಉಜ್ಕೊಂಡೇ ಹೋಗತ್ತೆ. ಬೆಳಿಗ್ಗೆ ಟಾರ್ಚನ್ನ ನೆಲದ ಮಟ್ಟಕ್ಕೆ ಹಿಡಿದು ನೋಡಿದ್ರೆ ಸಣ್ಣ ಸಣ್ಣ ಬೆರಳಿನ ಗುರ್ತು, ನಡುವೆ ಬಾಲ ಎಳೆದ ಗೆರೆ ಕಾಣತ್ತೆ. ಹಿಟ್ಟಲ್ಲಿ ಆ ಗೆರೆ ಯಾವ ಕಡೆಗೆ ಹೋಗತ್ತೋ ಅಲ್ಲೇ ತೂತಿರತ್ತೆ, ಮುಕ್ಕಾಲು ಪಾಲು ಸಿಂಕ್ ಕೆಳಗೆ ಪೈಪ್ ಹೋಗೋ ಜಾಗ, ವಾಷಿಂಗ್ ಮೆಷಿನ್ ನೀರು ಹೋಗೋ ತೂತು, ಇಲ್ಲ ಚಿಮಣಿ ಪೈಪಿನ ಸುತ್ತ.

ಇನ್ನು ಕ್ಲೀನ್ ಮಾಡೋದು. ಒಣ ಹಿಕ್ಕೇನ ಪೊರಕೇಲಿ ಗುಡಿಸೋದು, ವ್ಯಾಕ್ಯೂಮ್ ಹಾಕೋದು ಬೇಡ, ಧೂಳೆದ್ದು ಮೂಗಿಗೆ ಹೋಗತ್ತೆ. ಕಿಟಕಿ ತೆಗೆದು ಅರ್ಧ ಗಂಟೆ ಗಾಳಿ ಆಡಕ್ಕೆ ಬಿಡಿ, ಮಾಸ್ಕು ಗ್ಲೌಸು ಹಾಕ್ಕೊಳ್ಳಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಹಿಕ್ಕೆ ಮೇಲೆ ಹಾಕಿ ಐದು ನಿಮಿಷ ನೆನೆಯಕ್ಕೆ ಬಿಟ್ಟು ಟಿಶ್ಯೂನಲ್ಲಿ ತೆಗೆದು ಕವರಿಗೆ ಕಟ್ಟಿ ಬಿಸಾಕಿ. ಬ್ಲೀಚಿಗೆ ಫಿನಾಯಿಲು, ಟಾಯ್ಲೆಟ್ ಆ್ಯಸಿಡ್ಡು ಯಾವ್ದನ್ನೂ ಬೆರೆಸ್ಬೇಡಿ, ಆ್ಯಸಿಡ್ ಬೆರೆತ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಬಾಗಿಲು ಮುಚ್ಚಿರೋ ಬಾತ್‌ರೂಮಲ್ಲಿ ಅದು ತಮಾಷೆ ಅಲ್ಲ. ಇಲಿ ಬಾಯಿ ಹಾಕಿದ ಬ್ರೆಡ್ಡು, ರವೆ, ಬೇಳೆ ಪ್ಯಾಕೆಟ್ ಆರಿಸಿ ತೊಳೆದು ತಿನ್ನೋಣ ಅಂತ ಮನೇಲಿ ಹಿರಿಯರು ಹೇಳ್ತಾರೆ, ಹೇಳ್ಲಿ, ಅದನ್ನ ಎಸೆದ್ಬಿಡಿ.

ಆಮೇಲೆ ತೂತು ಮುಚ್ಚೋದು. ಪೆನ್ಸಿಲ್ ತೂರೋ ಸಂದಲ್ಲಿ ಸುಂಡಿಲಿ ತೂರತ್ತೆ, ಹೆಬ್ಬೆರಳು ತೂರೋ ಸಂದಲ್ಲಿ ದೊಡ್ಡ ಇಲಿ. ಬಟ್ಟೆ, ಥರ್ಮಾಕೋಲು, ಪೇಪರು ತುರುಕೋದು ದಂಡ, ಒಂದೇ ರಾತ್ರೀಲಿ ಕಡಿದು ಹಾಕತ್ತೆ. ಪಾತ್ರೆ ಉಜ್ಜೋ ಸ್ಟೀಲ್ ಸ್ಕ್ರಬ್ಬರನ್ನ ತೂತಿಗೆ ಒತ್ತಿ ತುಂಬಿ ಮೇಲೆ ಸಿಮೆಂಟೋ ಎಂ-ಸೀಲೋ ಹಾಕಿ. ಬಾತ್‌ರೂಮ್ ಜಾಲಿಗೆ ಸ್ಕ್ರೂ ಇರೋ ಸ್ಟೀಲ್ ಜಾಲಿ ಹಾಕ್ಸಿ, ಸುಮ್ನೆ ಇಟ್ಟಿರೋ ಪ್ಲಾಸ್ಟಿಕ್ ಜಾಲೀನ ಹೆಗ್ಗಣ ತಲೇಲಿ ಎತ್ತಿ ಬರತ್ತೆ.

ಒಳಗೆ ಉಳ್ಕೊಂಡಿರೋದಕ್ಕೆ ಬೋನು. ಸುಟ್ಟ ಕೊಬ್ಬರಿ ತುಂಡು ಈಗ್ಲೂ ಕೆಲ್ಸ ಮಾಡತ್ತೆ, ಬೋಂಡ ಆದ್ರೂ ಪರವಾಗಿಲ್ಲ. ದೊಡ್ಡ ಇಲಿಗೆ ಹೊಸ ಸಾಮಾನು ಕಂಡ್ರೆ ಅನುಮಾನ, ಅದಕ್ಕೆ ಎರಡು ಮೂರು ದಿನ ಬೋನಿನ ಬಾಗಿಲು ಕಟ್ಟಿ ತಿನ್ನಿಸಿ ಅಭ್ಯಾಸ ಮಾಡ್ಸಿ, ಆಮೇಲೆ ಬಾಗಿಲು ಬೀಳೋ ಹಾಗೆ ಇಡಿ. ಅಂಟಿನ ಹಲಗೆ ನಂಗೆ ಇಷ್ಟ ಇಲ್ಲ, ಪ್ರಾಣಿ ಗಂಟೆಗಟ್ಲೆ ಒದ್ದಾಡತ್ತೆ, ಒದ್ದಾಡ್ತಾ ಉಚ್ಚೆ ಹೊಯ್ಯತ್ತೆ, ಅದನ್ನ ಬಿಡಿಸೋಕೆ ಹೋಗಿ ಕಚ್ಚಿಸ್ಕೊಳ್ಳೋರು ನಾವೇ.

ಇಲ್ಲಿಗೆ ನಿಲ್ಸಿ: ಫ್ರಿಜ್ ಹಿಂದೆ, ಸಜ್ಜೆ ಮೇಲೆ ವೈರ್ ಕಡಿದಿರೋದು ಕಂಡ್ರೆ, ಇಲ್ಲ ಕಾರಣ ಇಲ್ದೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಪದೇ ಪದೇ ಟ್ರಿಪ್ ಆಗ್ತಿದ್ರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ, ಟೇಪ್ ಸುತ್ತಿ ಮತ್ತೆ ಆನ್ ಮಾಡೋ ಸಾಹಸ ಬೇಡ. ಇಲಿ ಕಚ್ಚಿದ್ರೆ ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ರ ಹೋಗಿ, ಟಿಟಿ ಇಂಜೆಕ್ಷನ್ನು, ಇನ್ನೇನು ಬೇಕು ಅನ್ನೋದು ಅವರು ನೋಡ್ತಾರೆ. ಸಂಪಿನಲ್ಲಿ ಇಲಿ ಬಿದ್ದು ಸತ್ತಿದ್ರೆ ಆ ನೀರನ್ನ ಪಾತ್ರೆ ತೊಳೆಯಕ್ಕೂ ಬಳಸ್ಬೇಡಿ, ಪೂರ್ತಿ ಖಾಲಿ ಮಾಡ್ಸಿ ಉಜ್ಜಿಸಿ ಬ್ಲೀಚಿಂಗ್ ಪೌಡರ್ ಹಾಕ್ಸಿ ಆಮೇಲೆ ತುಂಬಿ.

ಲಕ್ಷಣ: ಮಳೆಗಾಲದ ಜ್ವರ, ಜೊತೆಗೆ ಮೀನಖಂಡ ಮುಟ್ಟಕ್ಕಾಗ್ದಷ್ಟು ನೋವು

ಇಲಿ ಜ್ವರ ಅಂದ್ರೆ ಇಲಿ ಕಚ್ಚಿ ಬರೋದು ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ಹಾಗಲ್ಲ. ಲೆಪ್ಟೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾ ಇಲಿ ಉಚ್ಚೇಲಿ ಬರತ್ತೆ, ಒಣಗಿದ್ರೆ ಬೇಗ ಸಾಯತ್ತೆ, ಆದ್ರೆ ಒದ್ದೆ ಮಣ್ಣಲ್ಲಿ ನಿಂತ ನೀರಲ್ಲಿ ವಾರಗಟ್ಲೆ ಬದುಕಿರತ್ತೆ. ನಾವು ಆ ನೀರಲ್ಲಿ ಕಾಲಿಟ್ಟಾಗ ಒಡೆದ ಹಿಮ್ಮಡಿ, ಬೆರಳ ಸಂದಿನ ಕೊಳೆತ ಚರ್ಮ, ತರಚಿದ ಗಾಯ ಇವುಗಳ ಮೂಲಕ ಒಳಗೆ ಹೋಗತ್ತೆ. ಅದಕ್ಕೇ ದಕ್ಷಿಣ ಕನ್ನಡ, ಉಡುಪಿ ಕಡೆ ಗದ್ದೆ ತೋಟದಲ್ಲಿ ಬರಿಗಾಲಲ್ಲಿ ಕೆಲ್ಸ ಮಾಡೋರಿಗೆ ಮಳೆಗಾಲದಲ್ಲಿ ಇದು ಹೊಸ ವಿಷ್ಯ ಏನಲ್ಲ. ಬೆಂಗಳೂರಲ್ಲಿ ಮಳೆ ಬಂದು ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಮೊಣಕಾಲುದ್ದ ನೀರು ನಿಂತಾಗ ಪ್ಯಾಂಟ್ ಮಡಚಿ ಬೈಕ್ ತೆಗೆಯಕ್ಕೆ ಹೋಗ್ತೀವಲ್ಲ, ಅದೂ ಅದೇ ನೀರು.

ನೀರಿಗೆ ಇಳಿದು ಎರಡು ದಿನದಿಂದ ಹಿಡಿದು ನಾಲ್ಕು ವಾರದೊಳಗೆ ಯಾವಾಗ ಬೇಕಾದ್ರೂ ಜ್ವರ ಬರಬಹುದು, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ. ತಲೆ ಸಿಡಿಯೋ ನೋವು, ಚಳಿ ಜ್ವರ, ಪಿಸುರಿಲ್ಲದೇ ಕೆಂಪಾದ ಕಣ್ಣು, ಮೀನಖಂಡ ಮತ್ತು ಸೊಂಟದಲ್ಲಿ ನೋವು. ಇದೇ ಲಕ್ಷಣ ಡೆಂಗ್ಯೂಗೂ ಸ್ವಲ್ಪ ಹೋಲತ್ತೆ, ಹಾಗಾಗಿ ಮನೇಲೇ ಕೂತು ತೀರ್ಮಾನ ಮಾಡೋ ಹಾಗಿಲ್ಲ. ನೀವು ಮಾಡಬಹುದಾದ ಒಂದು ಕೆಲ್ಸ ಇದೆ: ಕಂಕುಳು, ತೊಡೆಸಂದು, ಸೊಂಟದ ದಾರ ಕಟ್ಟೋ ಜಾಗ, ಕಿವಿ ಹಿಂದೆ ಎಲ್ಲಾದ್ರೂ ನೋವಿಲ್ಲದ ಕಪ್ಪು ಹಕ್ಕಳೆ, ಬೀಡಿ ಸುಟ್ಟ ಗಾಯದ ಥರದ್ದು ಇದೆಯಾ ನೋಡಿ. ಇದ್ರೆ ಅದು ಸ್ಕ್ರಬ್ ಟೈಫಸ್ ಆಗಿರೋ ಸಾಧ್ಯತೆ, ಇಲಿ ಓಡಾಡೋ ಪೊದೆ ಹುಲ್ಲಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರೋದು. ಜ್ವರ ಬಂದೋರಿಗೆ ಈ ಕಲೆ ಇರೋದು ಗೊತ್ತೇ ಇರಲ್ಲ, ನೋಯಲ್ವಲ್ಲ.

ಡಾಕ್ಟರ್ ಹತ್ರ ಹೋದಾಗ ಬರೀ ‘ಜ್ವರ’ ಅಂತ ಹೇಳಿ ಸುಮ್ನಾಗ್ಬೇಡಿ. ಮನೇಲಿ ಇಲಿ ಇದೆ, ಹೋದ ವಾರ ಕೊಳಚೆ ನೀರಲ್ಲಿ ನಡೆದಿದ್ದೆ, ತೋಟಕ್ಕೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ, ಈ ಒಂದು ಮಾತಿಂದ ಯಾವ ಟೆಸ್ಟ್ ಬರೀಬೇಕು ಅನ್ನೋದೇ ಬದಲಾಗತ್ತೆ. ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡೂ ಬೇಗ ಹಿಡಿದ್ರೆ ಕಡಿಮೆ ಬೆಲೆಯ ಆ್ಯಂಟಿಬಯಾಟಿಕ್‌ಗೇ ಬಗ್ಗತ್ತೆ. ಹಾಗಂತ ಮೆಡಿಕಲ್ ಶಾಪಲ್ಲಿ ಕೇಳಿ ಎರಡು ಮಾತ್ರೆ ತಗೊಂಡು ಜ್ವರ ಬಿಟ್ಟ ತಕ್ಷಣ ನಿಲ್ಸೋದಲ್ಲ. ಕಣ್ಣು ಹಳದಿ, ಉಚ್ಚೆ ಕಮ್ಮಿ ಆಗೋದು, ಉಸಿರು ಕಟ್ಟೋದು, ಕೆಮ್ಮಿದ್ರೆ ರಕ್ತ, ಮಾತು ತೊದಲೋದು ಇವುಗಳಲ್ಲಿ ಒಂದಿದ್ರೂ ಕ್ಲಿನಿಕ್ ಅಲ್ಲ, ಐಸಿಯು ಇರೋ ಆಸ್ಪತ್ರೆ, ಅವತ್ತೇ.

ತಡೆಯೋದು ದೊಡ್ಡ ವಿದ್ಯೆ ಅಲ್ಲ, ಗಮ್‌ಬೂಟು, ಗಾಯಕ್ಕೆ ನೀರು ಹೋಗದ ಬ್ಯಾಂಡೇಜು, ಮನೆಗೆ ಬಂದ ತಕ್ಷಣ ಸೋಪು ಹಾಕಿ ಕಾಲು ತೊಳೆಯೋದು.

ಲಕ್ಷಣ: ಕೊಳೆತ ವಾಸನೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ

ಎಲ್ಲೋ ಇಲಿ ಸತ್ತಿದೆ. ಹಸಿರು ಮಿಂಚೋ ದೊಡ್ಡ ನೊಣಗಳು ಎಲ್ಲಿ ಸುತ್ತುತ್ತವೋ ಅಲ್ಲಿ ಹುಡುಕಿ, ಫ್ರಿಜ್ ಹಿಂದೆ, ಸಜ್ಜೆ ಮೇಲಿನ ರಟ್ಟಿನ ಡಬ್ಬ, ಮಾಡ್ಯುಲರ್ ಕಿಚನ್ನಿನ ಕೆಳಗಿನ ಹಲಗೆ ತೆಗೆದು ನೋಡಿ. ಸಿಕ್ಕಿದ್ರೆ ಬ್ಲೀಚ್ ನೀರು ಸುರಿದು ನೆನೆಸಿ, ಎರಡು ಕವರ್ ಸುತ್ತಿ ಎತ್ತಿ. ಗೋಡೆ ಒಳಗಿದ್ರೆ ಒಂದೆರಡು ವಾರ ಮೂಗು ಮುಚ್ಕೊಂಡಿರೋದೇ, ಬೇರೆ ದಾರಿ ಇಲ್ಲ.

ಆದ್ರೆ ಯಾರೂ ವಿಷ ಇಟ್ಟಿಲ್ಲ, ಆದ್ರೂ ಮನೆ ಸುತ್ತ ನಾಲ್ಕಾರು ಇಲಿ ಒಟ್ಟೊಟ್ಟಿಗೆ ಬಿದ್ದು ಸತ್ತಿವೆ ಅಂದ್ರೆ ಅದು ಬೇರೆ ವಿಷ್ಯ. ‘ಇಲಿ ಬಿತ್ತು’ ಅಂದ್ರೆ ಹಿಂದೆ ಊರಿಗೂರೇ ಮನೆ ಖಾಲಿ ಮಾಡಿ ಹೊಲದಲ್ಲಿ ಗುಡಿಸ್ಲು ಹಾಕ್ಕೊಂಡು ಇರ್ತಿತ್ತು, ಅದು ಪ್ಲೇಗ್ ಭಯ. ಇಲಿ ಸತ್ತು ಮೈ ತಣ್ಣಗಾದ್ರೆ ಅದರ ಮೈಮೇಲಿನ ಚಿಗಟ ಬಿಸಿ ಮೈ ಹುಡುಕ್ಕೊಂಡು ಮನುಷ್ಯರ ಮೇಲೆ ಬರತ್ತೆ, ಕಾಯಿಲೆ ಹಾಗೆ ದಾಟೋದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೇನೇ ಬಸವನಗುಡಿ, ಮಲ್ಲೇಶ್ವರಂ ಥರದ ಗಾಳಿ ಬೆಳಕಿನ ಬಡಾವಣೆಗಳಿಗೆ ಜನ ಹೋಗಿದ್ದು. ಈಗ ಅಷ್ಟು ಹೆದರೋ ಕಾಲ ಅಲ್ಲ, ಮುಟ್ಟಕ್ಕೆ ಹೋಗ್ಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಲ್ಲ ಆರೋಗ್ಯ ಸಹಾಯವಾಣಿ 104ಕ್ಕೆ ತಿಳಿಸಿ ಅಷ್ಟೇ.

ಲಕ್ಷಣ: ಲೈಟ್ ಹಾಕಿದ್ರೆ ಸರಸರ ಓಡ್ತವೆ, ಮಗೂಗೆ ಬೆಳಗಿನ ಜಾವ ಸೀನು ಉಬ್ಬಸ

ಈ ಎರಡನ್ನೂ ಜನ ಬೇರೆ ಬೇರೆ ಸಮಸ್ಯೆ ಅಂತ ನೋಡ್ತಾರೆ. ಜಿರಳೆ ಹಿಕ್ಕೆ, ಜೊಲ್ಲು, ಒಣಗಿದ ರೆಕ್ಕೆ ಕಾಲು ಪುಡಿಯಾಗಿ ಧೂಳಲ್ಲಿ ಸೇರತ್ತೆ, ಅಲರ್ಜಿ ಇರೋ ಮಕ್ಕಳಿಗೆ ಆಸ್ತಮಾ ಕೆರಳಿಸೋದ್ರಲ್ಲಿ ಅದೂ ಒಂದು. ಜಿರಳೆ ಸತ್ತ ಮೇಲೂ ಆ ಧೂಳು ತಿಂಗಳುಗಟ್ಲೆ ಉಳ್ಕೊಳ್ಳತ್ತೆ, ಹಾಗಾಗಿ ಔಷಧಿ ಹೊಡೆಸಿದ್ವಿ ಇನ್ನೂ ಕೆಮ್ಮು ನಿಂತಿಲ್ಲ ಅಂತ ಬೇಜಾರಾಗ್ಬೇಡಿ, ಕಪಾಟಿನ ಒಳಗೆ, ಫ್ರಿಜ್ ಹಿಂದೆ ಒದ್ದೆ ಬಟ್ಟೇಲಿ ಒರೆಸೋ ಕೆಲ್ಸ ಬಾಕಿ ಇದೆ ಅಂತ ಅರ್ಥ. ಇದಲ್ದೆ ಚರಂಡೀಲಿ ಓಡಾಡಿದ ಕಾಲಲ್ಲೇ ಬಂದು ಚಪಾತಿ ಹಿಟ್ಟಿನ ಮೇಲೆ ನಡೆಯೋದ್ರಿಂದ ಭೇದಿ ವಾಂತಿ ತರೋ ಕ್ರಿಮಿಗಳೂ ಜೊತೆಗೆ ಬರ್ತವೆ.

ಯಾವ ಜಿರಳೆ ಅಂತ ನೋಡಿ. ದೊಡ್ಡ ಕೆಂಗಂದು ಬಣ್ಣದ್ದು, ಆಗಾಗ ಒಂದೊಂದು, ಅದೂ ಬಾತ್‌ರೂಮ್ ಕಡೆಯಿಂದ ಬರ್ತಿದ್ರೆ ಅದು ಚರಂಡಿ ಚೇಂಬರಿನದು. ಮನೆ ಒಳಗೆ ಔಷಧಿ ಹೊಡೆದು ಪ್ರಯೋಜನ ಇಲ್ಲ, ಜಾಲಿ ಮುಚ್ಚಿ, ಬಳಸದೇ ಇರೋ ಬಾತ್‌ರೂಮಿನ ಟ್ರ್ಯಾಪಿಗೆ (ಜಾಲಿ ಕೆಳಗೆ ನೀರು ನಿಲ್ಲೋ ಜಾಗ) ವಾರಕ್ಕೊಂದು ಚೊಂಬು ನೀರು ಹಾಕಿ, ಅಲ್ಲಿ ನೀರು ಒಣಗಿದ್ರೇನೇ ದಾರಿ ತೆರೆಯೋದು. ಚಿಕ್ಕದು, ತೆಳು ಕಂದು, ಕತ್ತಿನ ಮೇಲೆ ಎರಡು ಕಪ್ಪು ಗೆರೆ ಇದ್ರೆ ಅದು ನಿಮ್ಮ ಅಡುಗೆಮನೇಲೇ ಸಂಸಾರ ಹೂಡಿದೆ. ಒಂದು ಮೊಟ್ಟೆ ಚೀಲದಲ್ಲಿ 30-40 ಮರಿ.

ಎಲ್ಲಿ ಗೂಡಿದೆ ಅಂತ ಹುಡುಕೋಕೆ ಒಂದು ಪುಕ್ಕಟೆ ಉಪಾಯ: ಸೆಲ್ಲೋಟೇಪನ್ನ ಅಂಟು ಮೇಲೆ ಬರೋ ಹಾಗೆ ಮಡಚಿ ಫ್ರಿಜ್ ಕೆಳಗೆ, ಸಿಂಕ್ ಕೆಳಗೆ, ಗ್ಯಾಸ್ ಕಟ್ಟೆ ಮೂಲೆ, ಮಿಕ್ಸಿ ಪಕ್ಕ ಒಂದೊಂದು ಇಡಿ, ನಡುವೆ ಬೆಲ್ಲದ ಚೂರು. ಬೆಳಿಗ್ಗೆ ಯಾವ ಟೇಪಲ್ಲಿ ಜಾಸ್ತಿ ಮರಿ ಸಿಕ್ಕಿವೆಯೋ ಗೂಡು ಅದರ ಕೈಯಳತೇಲೇ ಇದೆ, ಮರಿಗಳು ದೂರ ಹೋಗಲ್ಲ. ಮಿಕ್ಸಿ ತಲೆಕೆಳಗು ಮಾಡಿ ಅದರ ತಳದ ಗಾಳಿ ಕಿಂಡಿ ನೋಡಿ, ಮೋಟಾರಿನ ಬಿಸಿಗೆ ಅಲ್ಲಿ ಇಡೀ ಕುಟುಂಬ ಇರತ್ತೆ, ನೋಡಿದ ಮೇಲೆ ಚಟ್ನಿ ರುಬ್ಬಕ್ಕೆ ಮನಸ್ಸು ಬರಲ್ಲ, ಮೊದಲೇ ಹೇಳಿದೀನಿ.

ಸರಿ ಮಾಡೋ ಕ್ರಮ: ರಾತ್ರಿ ಸಿಂಕಲ್ಲಿ ಎಂಜಲು ಪಾತ್ರೆ ಬಿಡದೇ ಇರೋದು, ಸಿಂಕು ಒಣಗಿಸಿ ಮಲಗೋದು (ಊಟ ಇಲ್ದೆ ಇರ್ತವೆ, ನೀರಿಲ್ದೆ ಹೆಚ್ಚು ದಿನ ಇರಲ್ಲ), ರಟ್ಟಿನ ಡಬ್ಬ ಎಸೆಯೋದು. ಆಮೇಲೆ ಜಿರಳೆಗೆ ಅಂತ ಸಿಗೋ ವಿಷದ ಜೆಲ್. ಕಪಾಟಿನ ಹಿಂಜ್ ಹತ್ರ, ಸಂದುಗಳಲ್ಲಿ ಅಕ್ಕಿ ಕಾಳಿನಷ್ಟು ಚುಕ್ಕೆ ಚುಕ್ಕೆ ಇಡಿ, ಬಳಿಯೋದಲ್ಲ. ಮುಖ್ಯ ವಿಷ್ಯ, ಜೆಲ್ ಇಟ್ಟ ಜಾಗಕ್ಕೆ ಸ್ಪ್ರೇ ಹೊಡೀಬೇಡಿ, ಸ್ಪ್ರೇ ವಾಸನೆಗೆ ಜಿರಳೆ ಜೆಲ್ ಹತ್ರಾನೇ ಬರಲ್ಲ. ಗ್ಯಾಸ್ ಸ್ಟವ್ ಉರೀತಿರೋವಾಗ, ದೇವರ ದೀಪ ಹಚ್ಚಿರೋವಾಗ ಸ್ಪ್ರೇ ಹೊಡೆಯೋದು ಅಂದ್ರೆ ಬೆಂಕಿ ಜೊತೆ ಆಟ, ಆ ಡಬ್ಬಿ ಒಳಗಿನ ಗ್ಯಾಸು ಹತ್ಕೊಳ್ಳತ್ತೆ.

ಮಗು ಒಂದು ವಾಕ್ಯ ಪೂರ್ತಿ ಹೇಳಕ್ಕಾಗ್ದೆ ಏದುಸಿರು ಬಿಡ್ತಿದ್ರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳ್ಕೊಳ್ತಿದ್ರೆ, ತುಟಿ ನೀಲಿ ಆದ್ರೆ ಜಿರಳೆ ವಿಚಾರ ಬಿಟ್ಟು 108ಕ್ಕೆ ಫೋನ್ ಮಾಡಿ.

ಲಕ್ಷಣ: ಎದ್ದಾಗ ಕೈ, ಕತ್ತು, ಬೆನ್ನ ಮೇಲೆ ಸಾಲಾಗಿ ಕೆಂಪು ಗುಳ್ಳೆ

ಗುಳ್ಳೆ ನೋಡಿ ‘ಇದು ತಿಗಣೇನೇ’ ಅಂತ ಹೇಳಕ್ಕಾಗಲ್ಲ, ಸಾಲಾಗಿ ಇರೋದು ಒಂದು ಸುಳಿವು ಅಷ್ಟೇ. ಒಂದೇ ಹಾಸಿಗೇಲಿ ಮಲಗೋ ಗಂಡನಿಗೆ ಏನೂ ಇಲ್ಲ ಹೆಂಡತಿ ಮೈಯೆಲ್ಲ ದದ್ದು, ಇದೂ ಸಾಮಾನ್ಯ, ಚರ್ಮ ಪ್ರತಿಕ್ರಿಯೆ ಒಬ್ಬೊಬ್ಬರದು ಒಂದೊಂದು ಥರ. ಸಾಕ್ಷಿ ಸಿಗೋದು ಹಾಸಿಗೇಲಿ. ಹಾಸಿಗೆ ಅಂಚಿನ ಪೈಪಿಂಗನ್ನ ಬಿಡಿಸಿ ಎಟಿಎಂ ಕಾರ್ಡಿನ ತುದಿ ಹಾಕಿ ಮೆಲ್ಲಗೆ ಎಳೀರಿ, ಕೆಳಗೆ ಬಿಳಿ ಬಟ್ಟೆ ಇರ್ಲಿ. ಪೆನ್ನಿನ ಚುಕ್ಕೆ ಥರ ಕಪ್ಪು ಕಲೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಕೆಂಗಂದು ಹರಡ್ಕೊಂಡ್ರೆ ಅದು ನಿಮ್ಮದೇ ರಕ್ತ ಜೀರ್ಣ ಆಗಿರೋದು. ಬಿಟ್ಟ ಪೊರೆ, ಒಂದು ಮಿಲಿಮೀಟರಿನ ಬಿಳಿ ಮೊಟ್ಟೆ ಕೂಡ ಇರತ್ತೆ. ಮಂಚದ ಸ್ಕ್ರೂ ತೂತು, ಗೋಡೆ ಸ್ವಿಚ್ ಬಾಕ್ಸಿನ ಅಂಚು, ಟ್ರಾಲಿ ಬ್ಯಾಗಿನ ಜಿಪ್ಪು ನೋಡಿ. ಪೀಜಿ, ಸ್ಲೀಪರ್ ಬಸ್ಸು, ಸೆಕೆಂಡ್ ಹ್ಯಾಂಡ್ ಮಂಚ, ಹೆಚ್ಚಾಗಿ ಇವುಗಳಿಂದ್ಲೇ ಬರೋದು, ಮನೆ ಗಲೀಜು ಅಂತ ನಾಚ್ಕೊಳ್ಳೋ ವಿಷ್ಯ ಅಲ್ಲ.

ಹಾಸಿಗೇಲಿ ಏನೂ ಸಿಗ್ಲಿಲ್ಲ, ತುರಿಕೆ ಬೆರಳ ಸಂದು, ಮಣಿಕಟ್ಟು, ಹೊಟ್ಟೆ ಸುತ್ತ, ರಾತ್ರಿ ಜಾಸ್ತಿ, ಮನೇಲಿ ಇನ್ನೂ ಒಬ್ಬಿಬ್ಬರಿಗೆ ಶುರುವಾಗಿದೆ ಅಂದ್ರೆ ಅದು ಕಜ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಅದರಲ್ಲಿ ಮನೆಯವ್ರೆಲ್ಲ ಒಂದೇ ದಿನ ಮುಲಾಮು ಹಚ್ಕೋಬೇಕು, ಇಲ್ದಿದ್ರೆ ಸುತ್ತಿ ಸುತ್ತಿ ಬರತ್ತೆ. ಕಣಕಾಲ ಕೆಳಗೆ ಮಾತ್ರ ಕಚ್ಚಿದೆ, ಮನೇಲಿ ನಾಯಿ ಬೆಕ್ಕು ಇದೆ ಅಂದ್ರೆ ಚಿಗಟ, ಪಶುವೈದ್ಯರ ಹತ್ರ ಹೋಗಿ.

ತಿಗಣೆ ಬಗ್ಗೆ ಒಂದು ಸಮಾಧಾನ: ಅದು ಕಚ್ಚಿ ಒಬ್ಬರಿಂದ ಒಬ್ಬರಿಗೆ ಕಾಯಿಲೆ ಹರಡೋದು ಕಂಡುಬಂದಿಲ್ಲ. ನಿದ್ದೆ ಕೆಡತ್ತೆ, ಕೆರೆದು ಕೆರೆದು ಗಾಯ ಕೀವಾಗತ್ತೆ. ಹಾಗಾಗಿ ಪ್ರಾಣ ಹೋಗೋ ಔಷಧಿ ಹಿಂದೆ ಬೀಳೋ ಅಗತ್ಯಾನೇ ಇಲ್ಲ. ಬಟ್ಟೆ ಹೊದಿಕೆ 60 ಡಿಗ್ರಿ ಬಿಸಿ ನೀರಲ್ಲಿ ಒಗೀರಿ, ಮಂಚ ಬಿಚ್ಚಿ ಸಂದಿಗೆ ಕುದಿಯೋ ನೀರು ಸುರೀರಿ (ಕಾಲ್ಮೇಲೆ ಹುಷಾರು), ಹಾಸಿಗೆ ಅಂಚಿಗೆ ಸ್ಟೀಮ್ ಕೊಡಿ, ಮಂಚ ಗೋಡೆಯಿಂದ ಒಂದು ಗೇಣು ಎಳೆದು ನಾಲ್ಕೂ ಕಾಲನ್ನ ಸೋಪಿನ ನೀರಿನ ಬಟ್ಟಲಲ್ಲಿ ನಿಲ್ಸಿ. ಬಟ್ಟಲ ನೀರು ವಾರಕ್ಕೊಮ್ಮೆ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದ ಹಾಗಾಗತ್ತೆ. ಬರೀ ಬಿಸಿಲಿಗೆ ಹಾಕಿದ್ರೆ ಅವು ನೆರಳಿನ ಕಡೆಗೆ ಸರ್ಕೊಳ್ತವೆ. ಮೊಟ್ಟೆ ಒಡೆಯಕ್ಕೆ ಒಂದು ವಾರ ಹತ್ತು ದಿನ ಬೇಕು, ಅದಕ್ಕೇ ಎರಡು ವಾರ ಬಿಟ್ಟು ಇದೆಲ್ಲ ಇನ್ನೊಂದ್ಸಲ ಮಾಡ್ಲೇಬೇಕು. ರೂಮಿಗೆ ಬೀಗ ಹಾಕಿ ಊರಿಗೆ ಹೋಗಿ ಬಂದ್ರೆ ಸಾಯಲ್ಲ, ರಕ್ತ ಇಲ್ದೆ ತಿಂಗಳುಗಟ್ಲೆ ಬದುಕ್ತವೆ.

ಲಕ್ಷಣ: ಹಗಲು ಹೊತ್ತಲ್ಲೇ ಸೊಳ್ಳೆ ಕಚ್ತಿದೆ

ಬೆಳಿಗ್ಗೆ ಮತ್ತು ಸಂಜೆ ಬೆಳಕಿರೋವಾಗ್ಲೇ ಕಾಲಿಗೆ ಕಚ್ಚೋದು, ಕಪ್ಪು ಮೈ, ಕಾಲಲ್ಲಿ ಬಿಳಿ ಪಟ್ಟೆ ಇದ್ರೆ ಅದು ಡೆಂಗ್ಯೂ, ಚಿಕೂನ್‌ಗುನ್ಯಾ ಹರಡೋ ಈಡಿಸ್. ಅದು ತುಂಬ ದೂರ ಹಾರಲ್ಲ, ಒಂದಿನ್ನೂರು ಮೀಟರ್ ಒಳಗೇ. ಅಂದ್ರೆ ಅದು ಹುಟ್ಟಿರೋದು ನಿಮ್ಮನೇಲಿ ಇಲ್ಲ ಪಕ್ಕದ ಮನೇಲಿ, ಮೋರಿ ಬೈಕೊಂಡು ಪ್ರಯೋಜನ ಇಲ್ಲ. ಟಾರ್ಚ್ ಹಿಡ್ಕೊಂಡು ಒಂದು ರೌಂಡ್ ಹೊಡೀರಿ: ಫ್ರಿಜ್ ಹಿಂದೆ ಕೆಳಗೆ ನೀರು ಸೇರೋ ಟ್ರೇ (ಇದನ್ನ ಯಾರೂ ನೋಡಿರಲ್ಲ), ಮನಿಪ್ಲಾಂಟ್ ಬಾಟ್ಲು, ಪಾಟಿನ ತಟ್ಟೆ, ಟೆರೇಸಲ್ಲಿ ಬಿದ್ದಿರೋ ಟೈರು ಬಕೆಟ್ಟು, ಮುಚ್ಚಳ ಸರಿಯಿಲ್ಲದ ಸಂಪು, ತೋಟದ ಕಡೆ ಆದ್ರೆ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಹಾಲು ಹಿಡಿಯೋ ಚಿರಟೆ. ನೀರಿನ ಮೇಲೆ ಕೈ ನೆರಳು ಬಿದ್ದ ತಕ್ಷಣ ಸಣ್ಣ ಹುಳಗಳು ತಳಕು ಬಳುಕಾಡ್ತಾ ಕೆಳಗಿಳಿದ್ರೆ ಅವು ಸೊಳ್ಳೆ ಮರಿ. ಗುರುತು ಸಿಗ್ಲಿಲ್ಲ ಅಂದ್ರೆ ಬಿಳಿ ಮಗ್ಗಲ್ಲಿ ಮೊಗೆದು ನೋಡಿ: ನೀರಿನ ಮೇಲ್ಮೈಗೆ ಚಪ್ಪಟೆ ಮಲಗಿದ್ರೆ ಮಲೇರಿಯಾ ಸೊಳ್ಳೆ, ತಲೆ ಕೆಳಗಾಗಿ ನೇತಾಡ್ತಿದ್ರೆ ಉಳಿದವು. ಮಂಗಳೂರಲ್ಲಿ ಕಟ್ಟಡ ಕಾಮಗಾರಿ, ಓವರ್‌ಹೆಡ್ ಟ್ಯಾಂಕ್ ಮೇಲೆ ಇಷ್ಟು ಕಣ್ಣಿಡೋದು ಮಲೇರಿಯಾ ಕಾರಣಕ್ಕೆ.

ಮೊಟ್ಟೆಯಿಂದ ಸೊಳ್ಳೆ ಆಗಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಂದು ದಿನ ಎಲ್ಲ ಖಾಲಿ ಮಾಡಿ ಒಣಗಿಸಿ. ಬರೀ ನೀರು ಚೆಲ್ಲಿದ್ರೆ ಸಾಲ್ದು, ಡ್ರಮ್ಮಿನ ಒಳಗೋಡೆ ಉಜ್ಜಬೇಕು, ಈಡಿಸ್ ಮೊಟ್ಟೆ ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಅಂಟ್ಕೊಂಡಿರತ್ತೆ, ತಿಂಗಳುಗಟ್ಲೆ ಒಣಗಿದ್ರೂ ಸಾಯಲ್ಲ, ಮತ್ತೆ ನೀರು ಬಿದ್ದ ದಿನ ಒಡೆಯತ್ತೆ. ಫಾಗಿಂಗ್ ಹೊಗೆ ಹಾರಾಡೋ ಸೊಳ್ಳೆಗಷ್ಟೇ, ಮರಿಗೇನೂ ಆಗಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ಅಂತ ಘೋಷಿಸಿ ಸೊಳ್ಳೆ ಮರಿ ಸಿಕ್ಕ ಮನೆಗೆ ಪಟ್ಟಣದಲ್ಲಿ 400, ಹಳ್ಳೀಲಿ 200 ರೂಪಾಯಿ ದಂಡ ಅಂತ ಮಾಡ್ತು. ರಾತ್ರಿ ಕಿವಿ ಹತ್ರ ಗುಂಯ್ ಅನ್ನೋದು ಬೇರೆ ಜಾತಿ, ಕೊಳಚೆ ನೀರಿನದು, ಅದಕ್ಕೆ ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿನ ತುದಿಗೆ ಸೊಳ್ಳೆ ಬಲೆ ತುಂಡು ಕಟ್ಟಿ ನೋಡಿ, ಐದು ನಿಮಿಷದ ಕೆಲ್ಸ.

ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಒಂದೇ, ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವ ಜಾಸ್ತಿ ಮಾಡ್ತವೆ. ಮೊದಲ ಐದು ದಿನದಲ್ಲಿ ಡೆಂಗ್ಯೂ ಹೌದಾ ಅಂತ ನೋಡೋ ಎನ್‌ಎಸ್‌1 ಟೆಸ್ಟು. ಗಂಜಿ, ಓಆರ್‌ಎಸ್, ಎಳನೀರು ಕುಡಿಸ್ತಾ ಇರಿ. ಪಪ್ಪಾಯಿ ಎಲೆ ರಸ ಕುಡಿಸಿ ಪ್ಲೇಟ್‌ಲೆಟ್ ಏರತ್ತೆ ಅಂತ ಕಾಯ್ತಾ ಕೂರೋದೇ ಅಪಾಯ. ಜನ ಏಮಾರೋದು ಜ್ವರ ಬಿಟ್ಟ ದಿನ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿದು ‘ಅಪ್ಪಾ ಬಚಾವ್’ ಅನ್ನೋ ಹೊತ್ತಲ್ಲೇ ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಲ್ಲಿ ಮೂಗಲ್ಲಿ ರಕ್ತ, ಕೈಕಾಲು ತಣ್ಣಗೆ, ಮಂಕು, ಆರು ತಾಸು ಕಳೆದ್ರೂ ಉಚ್ಚೆ ಇಲ್ಲ ಅಂದ್ರೆ ರಾತ್ರಿ ಎರಡಾದ್ರೂ ಆಸ್ಪತ್ರೆಗೆ ಹೊರಡಿ.

ವಿಷ: ಕೀಟಕ್ಕಿಂತ ಇದೇ ಜಾಸ್ತಿ ಅಪಾಯ

ತೂತು ಮುಚ್ಚದೇ ವಿಷ ಇಡೋದು ಕೊನೆ ಇಲ್ಲದ ಕೆಲ್ಸ, ಒಂದು ಸತ್ರೆ ಇನ್ನೊಂದು ಬರತ್ತೆ. ಆದ್ರೂ ಇಡೋರಿಗೆ ಹೇಳ್ಬೇಕಾದ್ದು ಇದೆ. ಟ್ಯೂಬಲ್ಲಿ ಬರೋ ಹಳದಿ ರಂಜಕದ ಇಲಿ ಪೇಸ್ಟು ತಿಂದೋರು ಮೊದಲ ದಿನ ವಾಂತಿ ಮಾಡಿ ಆಮೇಲೆ ಒಂದೆರಡು ದಿನ ಆರಾಮಾಗೇ ಇರ್ತಾರೆ, ಮನೆಯವ್ರು ಸರಿಹೋಯ್ತು ಅಂದ್ಕೊಳ್ಳೋಷ್ಟರಲ್ಲಿ ಲಿವರ್ ಕೈಕೊಡತ್ತೆ, ಅದಕ್ಕೆ ಪ್ರತಿವಿಷ ಇಲ್ಲ. ನೀಲಿ ಹಸಿರು ಕೇಕ್ ಥರದ್ದು ರಕ್ತ ಹೆಪ್ಪುಗಟ್ಟೋದನ್ನ ತಡೆಯತ್ತೆ, ಲಕ್ಷಣ ಕಾಣೋದು ದಿನಗಳ ಮೇಲೆ, ಆದ್ರೆ ಅದಕ್ಕೆ ವಿಟಮಿನ್ ಕೆ ಇದೆ, ಬೇಗ ಹೋಗ್ಬೇಕು ಅಷ್ಟೇ.

ಇನ್ನು ಅಕ್ಕಿ ಮೂಟೆಗೆ, ತಿಗಣೆಗೆ ಅಂತ ಕದ್ದುಮುಚ್ಚಿ ಸಿಗೋ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಮನೆ ಒಳಗೆ ಅದು ಬರ್ಲೇಬಾರ್ದು. ಗಾಳೀಲಿರೋ ತೇವಕ್ಕೇ ಫಾಸ್ಫೀನ್ ಗ್ಯಾಸ್ ಬಿಡತ್ತೆ, ಬಾಗಿಲ ಸಂದಲ್ಲಿ ಪಕ್ಕದ ರೂಮಿಗೂ ಪಕ್ಕದ ಮನೆಗೂ ಹೋಗತ್ತೆ, ಮಲಗಿದ್ದ ಮಕ್ಕಳು ಸತ್ತ ಸುದ್ದಿ ಪೇಪರಲ್ಲಿ ಆಗಾಗ ಬರ್ತಿರತ್ತೆ. ಬೆಳ್ಳುಳ್ಳಿ ಇಲ್ಲ ಕೊಳೆತ ಮೀನಿನ ವಾಸನೆ, ಜೊತೆಗೆ ಮನೆಯವ್ರಿಗೆಲ್ಲ ಒಟ್ಟಿಗೆ ತಲೆನೋವು, ವಾಂತಿ, ಎದೆ ಬಿಗಿತ ಅಂದ್ರೆ ಊಟದ್ದಿರಬೇಕು ಅಂತ ಸೋಡಾ ಕುಡಿಯೋದಲ್ಲ, ಮೊದಲು ಎಲ್ಲರೂ ಆಚೆ ಬನ್ನಿ, ಆಮೇಲೆ 108, ಪಕ್ಕದ ಮನೆಯವ್ರನ್ನೂ ಎಬ್ಬಿಸಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಗ್ಯಾಸ್ ಇಲ್ಲ ಅಂತಲ್ಲ.

ಯಾರಾದ್ರೂ ವಿಷ ನುಂಗಿದ್ರೆ ವಾಂತಿ ಮಾಡಿಸ್ಬೇಡಿ, ಉಪ್ಪು ನೀರು, ಹಾಲು, ತುಪ್ಪ, ಎಣ್ಣೆ ಕುಡಿಸ್ಬೇಡಿ, ರಂಜಕಕ್ಕಂತೂ ಕೊಬ್ಬು ಸೇರಿದ್ರೆ ಇನ್ನೂ ಬೇಗ ಮೈಗೆ ಹತ್ತತ್ತೆ. ಪ್ಯಾಕೆಟ್ಟು, ಖಾಲಿ ಟ್ಯೂಬು ಏನಿದೆಯೋ ಅದನ್ನ ಕೈಲಿ ಹಿಡ್ಕೊಂಡೇ ಆಸ್ಪತ್ರೆಗೆ ಓಡಿ, ಯಾವ ವಿಷ ಅನ್ನೋದು ಡಾಕ್ಟರಿಗೆ ಮೊದಲು ಬೇಕಾಗೋದು.

ಪೆಸ್ಟ್ ಕಂಟ್ರೋಲ್‌ನವ್ರನ್ನ ಕರೆಯೋದಾದ್ರೆ

ಮೇಲಿನದೆಲ್ಲ ಮಾಡಿ ಮೂರ್ನಾಲ್ಕು ವಾರ ಆದ್ರೂ ಹೊಸ ಹಿಕ್ಕೆ, ಹೊಸ ಕಲೆ ಬರ್ತಿದ್ರೆ ಕರೀರಿ. ಅಪಾರ್ಟ್‌ಮೆಂಟಲ್ಲಿ ಒಂದೇ ಮನೆಗೆ ಮಾಡ್ಸಿದ್ರೆ ಜಿರಳೆ ತಿಗಣೆ ಪಕ್ಕಕ್ಕೆ ಹೋಗಿ ತಿಂಗಳಾದ ಮೇಲೆ ವಾಪಸ್ ಬರ್ತವೆ, ಒಂದು ಸಾಲಿನ ಮನೆಗಳಿಗೆಲ್ಲ ಒಟ್ಟಿಗೆ ಮಾಡ್ಸಿ, ಅಸೋಸಿಯೇಷನ್ ಮೀಟಿಂಗಲ್ಲಿ ಜಗಳ ಆದ್ರೂ ಪರವಾಗಿಲ್ಲ. ಲೈಸೆನ್ಸ್ ಇದೆಯಾ, ಯಾವ ಔಷಧಿ, ಅದರ ಹೆಸರೇನು, ಎಷ್ಟು ಹೊತ್ತು ಆಚೆ ಇರ್ಬೇಕು ಅಂತ ಕೇಳಿ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಹೆಸರು ಹೇಳಲ್ಲ, ‘ಹರ್ಬಲ್ ಸಾರ್, ಏನೂ ಆಗಲ್ಲ, ಒಳಗೇ ಇರಿ’ ಅಂದ್ರೆ ಅಲ್ಲಿಂದಲೇ ವಾಪಸ್ ಕಳಿಸಿ. ಮಗು, ಬಸುರಿ, ಉಬ್ಬಸ ಇರೋರು ಇದ್ರೆ ಮೊದಲೇ ಹೇಳಿ. ಮೀನಿನ ತೊಟ್ಟಿ ಇದ್ರೆ ಏರ್ ಪಂಪ್ ಆಫ್ ಮಾಡಿ ಮುಚ್ಚಿ, ಕೀಟಕ್ಕೆ ಹೊಡೆಯೋ ಪೈರೆಥ್ರಾಯ್ಡ್ ಅನ್ನೋ ಜಾತಿಯ ಔಷಧಿಗಳು ಮೀನಿಗೆ, ಬೆಕ್ಕಿಗೆ ತುಂಬಾ ಕೆಟ್ಟದ್ದು. ಪಾತ್ರೆ, ಟೂತ್‌ಬ್ರಷ್ಷು ಕವರಿಗೆ ಹಾಕಿಡಿ, ವಾಪಸ್ ಬಂದ ಮೇಲೆ ಕಿಟಕಿ ತೆಗೆದು ಫ್ಯಾನ್ ಹಾಕಿ ಅವರು ಹೇಳಿದಷ್ಟು ಹೊತ್ತು ಕಾದು, ಅಡುಗೆ ಕಟ್ಟೆ ಊಟದ ಟೇಬಲ್ ಸೋಪಿನ ನೀರಲ್ಲಿ ಒರೆಸಿ. ಮೂಲೆ ಸಂದುಗಳನ್ನ ಒರೆಸ್ಬೇಡಿ, ಔಷಧಿ ಕೆಲ್ಸ ಮಾಡೋದು ಅಲ್ಲೇ. ಹದಿನೈದು ದಿನ ಬಿಟ್ಟು ಗೋಧಿ ಹಿಟ್ಟು, ಟೇಪು, ಕಾರ್ಡು ಮತ್ತೆ ತಗೊಂಡು ಮೊದಲಿಂದ ಒಂದ್ಸಲ ಚೆಕ್ ಮಾಡಿ, ಏನಾದ್ರೂ ಸಿಕ್ಕಿದ್ರೆ ಫೋಟೋ ತೆಗೆದು ಕಳಿಸಿ ವಾರಂಟಿ ವಿಸಿಟ್ ಕೇಳಿ, ದುಡ್ಡು ಕೊಟ್ಟಿರೋದು ಎರಡೂ ವಿಸಿಟ್ಟಿಗೆ ಸೇರಿಸಿ.